ನನ್ನ ಅಡುಗೆಮನೆಯ ಕಡೆಗೆ ತಿರುಗಿದ ಗೊಗ್ಗಯ್ಯ

ಇವತ್ತು ಮಾಡಿದ ಕೆಲಸಗಳು: ಐದಕ್ಕೆ ಎದ್ದೆ. ಕಾವೇರಿ ನೀರು ಬರುವ ದಿನ, ಸಂಪಿನ ಮುಚ್ಚಳ ಸರಿಸಿ ಪೈಪು ಬಿಟ್ಟೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳಿನ ನೀರು ಬಸಿದೆ. ಅತ್ತೆಯ ಎರಡು ಹೊದಿಕೆ, ಒಂದು ಕರಿ ಕಂಬಳಿ ತಾರಸಿಯ ಮೇಲೆ ಬಿಸಿಲಿಗೆ ಹಾಕಿದೆ. ಅವರಿಗೆ ತಲೆಗೆ ಎಣ್ಣೆಯಿಟ್ಟು ನೀರು ಹಾಕಿದೆ, ಕಾಲಿನ ಉಗುರು ತೆಗೆದೆ. ಸೀರೆ, ಎಲೆಅಡಿಕೆ ಡಬ್ಬಿ, ಮಂಡಿನೋವಿನ ಎಣ್ಣೆ, ಕನ್ನಡಕದ ಡಬ್ಬಿ ಎಲ್ಲ ಒಂದು ಚೀಲಕ್ಕೆ ಹಾಕಿದೆ. ಅತ್ತೆಯ ಎದುರು ಕೂತು ಅವರೆಕಾಳು ಹಿದುಕಿದೆ. ಸಾರಿಗೆ ಇಟ್ಟೆ. ಅತ್ತೆಯ ಮಂಚ ಪಕ್ಕದ ಮನೆಗೆ ಸಾಗಿಸಿದೆವು.

ದಿನಾ ಹೀಗೆ ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ಬರೆದಿಡುವುದು ನನ್ನ ಅಭ್ಯಾಸ. ಹಾಲು ಒಡೆದದ್ದು, ಸಿಲಿಂಡರ್ ಬದಲಿಸಿದ್ದು, ಯಾರು ಬಂದರು, ಏನು ಸಾರು. ಇವತ್ತಿನದು ಚೌಕದಲ್ಲಿ ಹಿಡಿಸಲಿಲ್ಲ. ಅದಕ್ಕೇ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಬಂದಿದ್ದೇನೆ.

ಅತ್ತೆ ಇಪ್ಪತ್ತಾರು ವರ್ಷ ನನ್ನ ಕೈಯ ಊಟ ಉಂಡವರು. ಪಕ್ಕದ ಮನೆ ಬೇರೆಯವರದೇನಲ್ಲ, ನನ್ನ ಮೈದುನನದು. ಅಂದರೆ ನನ್ನ ಓರಗಿತ್ತಿಯದು. ಶೆಟ್ಟಿಹಳ್ಳಿಯಲ್ಲಿ ಮಾವನವರು ಬಿಟ್ಟುಹೋದ ಜಾಗವನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಹಾಕಿ ಹಂಚಿಕೊಂಡಾಗ ಹಳೆಯ ಮನೆ ನಮಗೆ ಬಂತು, ದನದ ಕೊಟ್ಟಿಗೆಯ ಭಾಗ ಅವರಿಗೆ ಹೋಯಿತು. ಅತ್ತೆ ಹಳೆಯ ಮನೆಯಲ್ಲೇ ಉಳಿದರು. ಆ ಒಂದು ವಿಷಯದಲ್ಲಿ ಮಾತ್ರ ನಾನು ಗೆದ್ದೆ ಅಂದುಕೊಂಡಿದ್ದೆ. ಬಾಡಿಗೆ ಮನೆಯಲ್ಲಿದ್ದ ಓರಗಿತ್ತಿ ಹಬ್ಬಕ್ಕೆ ಬಂದಾಗ, "ಅತ್ತೆಗೆ ಏನು ಸೇರುತ್ತೆ ಅಕ್ಕಾ?" ಎಂದು ನನ್ನನ್ನು ಕೇಳಬೇಕಾಗಿತ್ತು. ನಾನು ಹೇಳುತ್ತಿದ್ದೆ. ಹೇಳುವಾಗ ದನಿ ಸ್ವಲ್ಪ ದೊಡ್ಡದೇ ಆಗುತ್ತಿತ್ತು.

ಆಮೇಲೆ ಕೊಟ್ಟಿಗೆಯ ಜಾಗದಲ್ಲಿ ಮನೆ ಏಳತೊಡಗಿತು.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಪದ ಹುಡುಕಿ ನೋಡಿದೆ, ಸಿಗಲಿಲ್ಲ. ಮೊದಲು ತುಳಸಿಕಟ್ಟೆಯ ಬಿಸಿಲು ಹೋಯಿತು. ಬೆಳಿಗ್ಗೆ ಹನ್ನೊಂದರ ತನಕ ಬೀಳುತ್ತಿದ್ದುದನ್ನು ಅವರ ಮೊದಲ ಮಹಡಿ ನುಂಗಿತು. ಆಮೇಲೆ ಅವಳ ಅಡುಗೆಮನೆ ನೋಡಿದೆ. ಪಾತ್ರೆ ತೊಳೆಯುವುದಕ್ಕೆ ಜೋಡಿ ಸಿಂಕು, ಗ್ರೈಂಡರ್ ಇಡುವುದಕ್ಕೆಂದೇ ಒಂದು ಮೂಲೆ, ಹೊಗೆ ಎಳೆಯುವ ಚಿಮಣಿ. ಹೋಗಲಿ ಎಂದುಕೊಂಡೆ. ಆದರೆ ನೆಲಮಹಡಿಯಲ್ಲಿ ಒಂದು ಕೋಣೆ ತೋರಿಸಿ, "ಇದು ಅತ್ತೇದು" ಎಂದಳು. ಅದರ ಬಚ್ಚಲಲ್ಲಿ, ಕೂತು ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಎರಡು ಸ್ಟೀಲಿನ ಕಂಬಿ ಹಾಕಿಸಿದ್ದಳು. ನಾನು ಆ ಕಂಬಿಗಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿದ್ದವು. ಇಷ್ಟು ವರ್ಷ ಬಚ್ಚಲ ಬಾಗಿಲಲ್ಲಿ ನಿಂತು ಅತ್ತೆಯ ತೋಳು ಹಿಡಿದು ಎಬ್ಬಿಸಿದವಳು ನಾನು. ಎರಡು ಕಂಬಿ ಹಾಕಿಸಬಹುದು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಜೋಡಿ ಸಿಂಕಿಗಿಂತ ಚಿಮಣಿಗಿಂತ ನನ್ನ ಹೊಟ್ಟೆ ಉರಿಸಿದ್ದು ಆ ಕಂಬಿಗಳು.

ಗಣೇಶನ ಹಬ್ಬ ಕಳೆದ ಮೇಲಿನ ಒಂದು ಶುಕ್ರವಾರ ಅವರ ಮೊದಲ ಮಹಡಿಯ ಬಿದಿರು ಗಳುಗಳ ಸಾರುವೆಗೆ ದೃಷ್ಟಿಬೊಂಬೆ ಕಟ್ಟಿದರು. ಕಟ್ಟುವ ಮನೆಗೆಲ್ಲ ಕಟ್ಟುವುದೇ, ಅದರಲ್ಲಿ ಹೊಸದೇನಿಲ್ಲ. ಹೋಗಿ ಬರುವವರ ಕಣ್ಣು ಮನೆಯ ಮೇಲೆ ಬೀಳುವ ಬದಲು ಬೊಂಬೆಯ ಮೇಲೆ ಬೀಳಲಿ ಎಂದು ಅದನ್ನು ರಸ್ತೆಗೆ ಮುಖಮಾಡಿ ಕಟ್ಟುತ್ತಾರೆ. ಇವರದು ರಸ್ತೆಗೆ ಬೆನ್ನು ಹಾಕಿತ್ತು. ಕೋರೆಹಲ್ಲು, ಕೆಂಪು ನಾಲಗೆ, ಎಮ್ಮೆಯ ಹಾಗೆ ಬಾಗಿದ ಕೊಂಬು, ಮೊಟ್ಟೆಯಷ್ಟು ಕಣ್ಣು. ಆ ಕಣ್ಣೆರಡೂ ನೇರ ನನ್ನ ಅಡುಗೆಮನೆಯ ಕಿಟಕಿಯನ್ನು ನೋಡುತ್ತಿದ್ದವು. ದೋಸೆ ಹುಯ್ಯುವಾಗ ತಲೆಯೆತ್ತಿದರೆ ಅದೇ ಮುಖ.

ಕಿಟಕಿಯ ಕೆಳಗಿನ ಹಲಗೆಯ ಮೇಲೆ ಅತ್ತೆ ಕೂತಿದ್ದರು. ಹಗಲೆಲ್ಲ ಅವರು ಕೂರುವ ಜಾಗ ಅದು. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ. ಕತ್ತೆತ್ತಿ ನೋಡಿ ನಕ್ಕರು.

"ನೋಡವ್ವಾ, ಗೊಗ್ಗಯ್ಯ ಬಂದವ್ನೆ."

ನನಗೆ ನಗು ಬರಲಿಲ್ಲ. ಸಂಜೆ ನಮ್ಮ ಮನೆಯವರಿಗೆ ಹೇಳಿದೆ. "ನೋಡ್ರೀ, ಯಾರ ಕಣ್ಣಿಗೆ ಹೆದರಿ ಕಟ್ಟಿದಾರೆ ಅಂತ ಗೊತ್ತಾಗುತ್ತಲ್ಲ."

"ಏ, ಮೇಸ್ತ್ರಿಗೆ ಎಲ್ಲಿ ಗಳು ಸಿಕ್ತೋ ಅಲ್ಲಿ ಕಟ್ಟಿರ್ತಾನೆ ಬಿಡೇ. ನಿಂಗೆ ಬೇರೆ ಕೆಲಸ ಇಲ್ವಾ?"

ಕೆಲಸ ಬೇಕಾದಷ್ಟಿತ್ತು. ಕಿಟಕಿಗೆ ಒಂದು ಟವೆಲ್ ಕಟ್ಟಿ ಮುಂದುವರಿಸಿದೆ. ಮಾರನೆಯ ದಿನ ಅತ್ತೆ, "ಗಾಳಿ ಬತ್ತಾ ಇಲ್ಲ ಕಣವ್ವ" ಎಂದು ಟವೆಲ್ ತೆಗೆದುಬಿಟ್ಟರು.

ಗೊಗ್ಗಯ್ಯ ಎನ್ನುವ ಮಾತು ನಮ್ಮ ಮನೆಯಲ್ಲಿ ಉಪ್ಪು ಮೆಣಸಿನಷ್ಟು ಬಳಕೆಯದು. ಬೇರೆ ಮನೆಗಳಲ್ಲಿ ಮಕ್ಕಳನ್ನು ಗುಮ್ಮನಿಗೆ ಹಿಡಿದು ಕೊಡುತ್ತೇವೆ ಎಂದು ಹೆದರಿಸುತ್ತಾರೆ, ಇಲ್ಲಿ ಗೊಗ್ಗಯ್ಯ. ನನ್ನ ಮಗಳು ಚಿಕ್ಕವಳಿದ್ದಾಗ ಅವಳ ಬಾಯಲ್ಲಿ ತುತ್ತು ನಿಂತರೆ ಅತ್ತೆ, "ನುಂಗ್ತೀಯೋ, ಗೊಗ್ಗಯ್ಯನ್ನ ಕರೀಲೋ?" ಅನ್ನುತ್ತಿದ್ದರು. ಅತ್ತೆಯ ಗೊಗ್ಗಯ್ಯನಿಗೆ ಕರಡಿಯ ಮೈ, ಕಾಡುಹಂದಿಯ ಕೋರೆ, ಕಾಲು ಎಷ್ಟೆಂದು ಎಣಿಸಿದವರಿಲ್ಲ. ಮಗಳು ಎಷ್ಟೋ ಸಲ ಕೇಳಿದ್ದಳು, "ಅಜ್ಜೀ, ಅದು ಮನುಷ್ಯಾನಾ ಪ್ರಾಣೀನಾ?" "ಪ್ರಾಣಿ ಕಣವ್ವ. ಅಯ್ಯ ಅಂತ ಯಾಕಂತೀವಿ ಅಂದ್ರೆ, ಮರ್ವಾದೆ ಕೊಟ್ಟು ಕರೆದ್ರೆ ಸ್ವಲ್ಪ ದೂರದಲ್ಲೇ ನಿಂತ್ಕತದೆ."

ನಾನು ಪಿಯುಸಿಯ ತನಕ ಕನ್ನಡವನ್ನು ಇಷ್ಟಪಟ್ಟು ಓದಿದವಳು. ಪದಗಳ ಬೆನ್ನು ಹತ್ತುವ ಚಟ ಅಲ್ಲಿಂದ ಅಂಟಿದ್ದು. ಗಂಟಲು ಕಟ್ಟಿದವರ ದನಿಗೆ ಗೊಗ್ಗರು ದನಿ ಅನ್ನುತ್ತೇವಲ್ಲ, ಗೊಗ್ಗಯ್ಯನೂ ಅಲ್ಲಿಂದಲೇ ಬಂದಿರಬೇಕು, ಕಾಣದ ಪ್ರಾಣಿಗೆ ಮೊದಲು ದನಿ ಬಂದು ಆಮೇಲೆ ಮೈ ಕೋರೆ ಬಂದಿರಬೇಕು ಎಂದು ನನ್ನದೇ ಒಂದು ಲೆಕ್ಕ. ನಾನು ಪಂಡಿತಳಲ್ಲ, ತಪ್ಪೂ ಇರಬಹುದು. ಅತ್ತೆಯನ್ನು ಹತ್ತಾರು ಸಲ ಕೇಳಿದ್ದೆ. ಈ ಮನೆಗೆ ಆ ಮಾತನ್ನು ತಂದವರು ಯಾರು, ನಿಮ್ಮ ತವರಿನದೋ, ಇಲ್ಲಿಯದೋ? ಅವರು ಕೈಯಾಡಿಸಿಬಿಡುತ್ತಿದ್ದರು. "ಅದ್ಯಾಕವ್ವ ನಿಂಗೆ? ಗೊಗ್ಗಯ್ಯ ಅಂದ್ರೆ ಗೊಗ್ಗಯ್ಯ. ಓಗು, ಒಲೆ ಮ್ಯಾಲೆ ಆಲು ಉಕ್ತದೆ." ಹಾಲು ಉಕ್ಕುತ್ತಿರಲಿಲ್ಲ, ನಾನು ಹೋಗಿ ನೋಡಿ ಬರುತ್ತಿದ್ದೆ.

ಬಣ್ಣ ಮುಗಿದಿರಲಿಲ್ಲ, ಆದರೂ ಧನುರ್ಮಾಸ ಹಿಡಿಯುವ ಮೊದಲು ಮುಹೂರ್ತ ಸಿಕ್ಕಿತೆಂದು ಕಾರ್ತಿಕದಲ್ಲೇ ಗೃಹಪ್ರವೇಶ ಮಾಡಿದರು. ನೆಂಟರೆಲ್ಲ ಹಾಲಿನಲ್ಲಿ ಕೂತಿದ್ದಾಗ ಓರಗಿತ್ತಿ ಮಗಳನ್ನು ಮುಂದೆ ನಿಲ್ಲಿಸಿದಳು. ಏಳನೇ ಕ್ಲಾಸಿನ ಹುಡುಗಿ, ಪುಟ್ಟಿ ಎಂದು ಕರೆಯುತ್ತೇವೆ. ಮನೆಯಲ್ಲಿ ಆಡುವ ಒಂದು ಮಾತು ಆರಿಸಿಕೊಂಡು ಅದರ ಅರ್ಥ, ಮೂಲ ಬರೆದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಇವಳು ಬರೆದದ್ದಕ್ಕೆ ಕ್ಲಾಸಿನಲ್ಲಿ ಚಪ್ಪಾಳೆ ಬಿದ್ದಿತ್ತಂತೆ.

"ನಮ್ಮ ಮನೆಯ ಮಾತು ಗೊಗ್ಗಯ್ಯ," ಎಂದು ಪುಟ್ಟಿ ಓದತೊಡಗಿದಳು. "ಇದರ ಅರ್ಥ ಭಯಂಕರವಾದ ಒಂದು ಪ್ರಾಣಿ. ಇದರ ಮೂಲವನ್ನು ನನಗೆ ನಮ್ಮ ಅಜ್ಜಿ ಹೇಳಿದರು."

ಚಿಕ್ಕಜಾಲದ ಆಚೆ ಅತ್ತೆಯ ತವರು. ಅಲ್ಲಿಯ ಕೆರೆಗೆ ಹೊತ್ತು ಮುಳುಗುವಾಗ ಗುಡ್ಡದಿಂದ ಒಂದು ಪ್ರಾಣಿ ನೀರಿಗೆ ಇಳಿಯುತ್ತಿತ್ತಂತೆ. ಯಾರೂ ಕಂಡವರಿಲ್ಲ, ನೀರು ಕುಡಿಯುವ ಗೊಗ್ಗ್ ಗೊಗ್ಗ್ ಸದ್ದು ಮಾತ್ರ ಕೇಳುತ್ತಿತ್ತಂತೆ. ಅತ್ತೆಯ ತಾತ ತಮಟೆ ಬಡಿದುಕೊಂಡು ಒಬ್ಬರೇ ಏರಿಯ ಮೇಲೆ ಹೋಗಿ ಅದನ್ನು ಓಡಿಸಿದರಂತೆ. ಪುಟ್ಟಿ ಓದಿ ಮುಗಿಸಿದಾಗ ನೆಂಟರು ಚಪ್ಪಾಳೆ ಹೊಡೆದರು. ಓರಗಿತ್ತಿ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು. ಅತ್ತೆ ಹೊಸ ಸೋಫಾದ ಅಂಚಿನಲ್ಲಿ ಕೂತು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

ಆ ದಿನದ ಒಬ್ಬಟ್ಟು ಹೇಗಿತ್ತೆಂದು ನನಗೆ ನೆನಪಿಲ್ಲ. ಕ್ಯಾಲೆಂಡರಿನಲ್ಲಿ "ಒಬ್ಬಟ್ಟು" ಎಂದಷ್ಟೇ ಬರೆದಿದ್ದೇನೆ. ಇಪ್ಪತ್ತಾರು ವರ್ಷ ಕೇಳಿದವಳಿಗೆ ಇಲ್ಲದ ಕಥೆ, ಹೋಂವರ್ಕಿಗೆಂದು ಒಂದು ಸಂಜೆ ಬಂದು ಕೇಳಿದವರಿಗೆ ಸಿಕ್ಕಿತ್ತು. ತಮಟೆ, ಕೆರೆ ಏರಿ, ತಾತ ಎಲ್ಲ ಸಮೇತ. ಮನೆ ಹೋಯಿತು, ಬಿಸಿಲು ಹೋಯಿತು, ಧನುರ್ಮಾಸ ಕಳೆದ ಮೇಲೆ ಅತ್ತೆಯ ಮಂಚವೂ ಹೋಗುತ್ತದೆಂದು ಮಾತಾಗಿತ್ತು. ಹೋಗುವ ಮೊದಲೇ ಅತ್ತೆ ಆ ಮನೆಯವರಾಗಿಬಿಟ್ಟಿದ್ದಾರೆ ಅನ್ನಿಸಿತು.

ಆ ಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂದು ಮಧ್ಯಾಹ್ನ ಬಣ್ಣದವರು ಊಟಕ್ಕೆ ಹೋಗಿದ್ದಾಗ ನಮ್ಮ ತಾರಸಿಗೆ ಹತ್ತಿದೆ. ಎರಡು ಮನೆಯ ನಡುವೆ ನಾಲ್ಕಡಿ ಸಂದು. ಬಟ್ಟೆ ಒಣಹಾಕುವ ಕೋಲನ್ನು ಚಾಚಿ ಬೊಂಬೆಯ ಕೊಂಬಿಗೆ ಸಿಕ್ಕಿಸಿ ರಸ್ತೆಯ ಕಡೆಗೆ ತಿರುಗಿಸಿದೆ. ತಂತಿ ಕಿರ್ರೆಂದಿತು. ಕೆಳಗಿಳಿದು ಬಂದು ಏನೂ ಆಗದವಳಂತೆ ಸಾರು ಕುದಿಸಿದೆ. ಕಿಟಕಿಯಿಂದ ಬೊಂಬೆಯ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಬರೀ ಬಿಳಿ ಪ್ಲಾಸ್ಟಿಕ್.

ಮಾರನೆಯ ಬೆಳಿಗ್ಗೆ ಕಾಫಿಗೆ ನೀರಿಟ್ಟು ತಲೆಯೆತ್ತಿದರೆ ಮತ್ತೆ ಅದೇ ಕಣ್ಣು.

ನಾನು ಮತ್ತೆ ತಿರುಗಿಸಿದೆ. ಅದು ಮತ್ತೆ ಈ ಕಡೆಗೆ ಬಂತು. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ತಾಳ್ಮೆ ಕೆಟ್ಟು, ಒಗೆದ ಬಟ್ಟೆಯ ಬಕೆಟ್ಟು ಕೈಯಲ್ಲಿರುವಾಗಲೇ ಕಾಂಪೌಂಡಿನ ಗೋಡೆಯ ಹತ್ತಿರ ನಿಂತು ಓರಗಿತ್ತಿಯನ್ನು ಕರೆದೆ.

"ನನ್ ಕಣ್ಣು ಬಿದ್ರೆ ನಿಮ್ಮನೆ ಗೋಡೆ ಬಿರುಕು ಬಿಡುತ್ತೇನೇ?"

ಅವಳು ಹಲ್ಲುಜ್ಜುತ್ತಿದ್ದಳು. ಬಾಯಿ ಮುಕ್ಕಳಿಸಿ ಬಂದಳು. "ಏನಕ್ಕಾ ಇದು, ಬೆಳ್ಬೆಳಿಗ್ಗೆ?"

"ಗೊತ್ತಿಲ್ದೇ ಇರೋ ಹಾಗೆ ಆಡ್ಬೇಡ. ಆ ಬೊಂಬೆನ ದಿನಾ ನನ್ ಕಡೆ ತಿರುಗಿಸಿ ಇಡ್ತಿದೀಯಲ್ಲ!"

"ನಾನಾ?" ಅವಳು ಬ್ರಷ್ಷನ್ನು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡಳು. "ಅಕ್ಕಾ, ದೇವ್ರಾಣೆ ನಾನಲ್ಲ. ನಾನು ನೀವೇ ತಿರುಗಿಸ್ತಿದೀರಾ ಅಂದ್ಕೊಂಡಿದ್ದೆ. ಒಂದ್ಸಲ ರಸ್ತೆ ಕಡೆ ಇರುತ್ತೆ, ಒಂದ್ಸಲ ನಿಮ್ ಕಡೆ ಇರುತ್ತೆ. ಅಕ್ಕ ಯಾಕಪ್ಪಾ ಹೀಗೆ ಮಾಡ್ತಿದಾರೆ, ಕೇಳಿದ್ರೆ ಬೇಜಾರಾಗ್ತಾರೆ ಅಂತ ಸುಮ್ನಿದ್ದೆ."

"ನಾನ್ಯಾಕೆ ನನ್ ಕಡೆಗೇ ತಿರುಗಿಸ್ಕೊಳ್ಳಲಿ?"

"ಅದೇ ನನಗೂ ಅರ್ಥ ಆಗ್ಲಿಲ್ಲ."

ರಸ್ತೆಯ ಕಡೆಗೆ ತಿರುಗಿಸಿದ್ದು ನಾನೆಂದು ನಾನು ಹೇಳಲಿಲ್ಲ. ಅವಳ ಮಾತನ್ನು ನಂಬಲೂ ಇಲ್ಲ. ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದೆ, ಬಟ್ಟೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದೆ. ಆಮೇಲೆ ಬೊಂಬೆಯನ್ನು ಮುಟ್ಟಲು ಹೋಗಲಿಲ್ಲ. ಧನುರ್ಮಾಸವೆಲ್ಲ ನಾನು ಅಡುಗೆ ಮಾಡಿದೆ, ಅದು ನೋಡಿತು. ಸಂಕ್ರಾಂತಿಗೆ ಪುಟ್ಟಿ ಎಳ್ಳು ಬೀರಲು ಬಂದಳು, ನಾನೂ ಒಂದು ಡಬ್ಬಿ ಕೊಟ್ಟು ಕಳಿಸಿದೆ. ಹಬ್ಬ ಕಳೆದ ಮೇಲೆ ಒಂದು ವಾರವನ್ನು ಹೇಗೋ ತಳ್ಳಿದೆ. ಮಂಗಳವಾರ ಬೇಡ ಎಂದೆ, ಅಮಾವಾಸ್ಯೆ ಹತ್ತಿರವಿದೆ ಎಂದೆ. ಕೊನೆಗೆ ಇವತ್ತು ಎಂದಾಯಿತು.

ಹೋಗುವ ದಿನ ಅತ್ತೆ ಕೇಳಿದ್ದು ಒಂದೇ, ಹಿದುಕಿದ ಬೇಳೆ ಸಾರು. ಅವರೆಕಾಯಿ ಸೊಗಡು ಇನ್ನೂ ಇತ್ತು. ನಿನ್ನೆ ಸಂಜೆ ಯಲಹಂಕದ ಕಡೆಯಿಂದ ಬರುವ ಗಾಡಿಯವಳ ಹತ್ತಿರ ಮೂರು ಕೆಜಿ ತೆಗೆದುಕೊಂಡು, ಸುಲಿದು, ಕಾಳನ್ನು ನೀರಿಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ಅತ್ತೆ ಕಿಟಕಿಯ ಕೆಳಗಿನ ಹಲಗೆಯ ಮೇಲೆ, ನಾನು ಎದುರಿಗೆ ನೆಲದ ಮೇಲೆ, ನಡುವೆ ಪಾತ್ರೆ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಚಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಈ ಕೆಲಸಕ್ಕೆ ಕಣ್ಣು ಬೇಡ, ಕೈ ಸಾಕು. ಅದಕ್ಕೇ ಈ ಕೆಲಸದಲ್ಲಿ ಎಷ್ಟು ವರ್ಷದ ಮಾತಾದರೂ ಹೊರಗೆ ಬರುತ್ತದೆ, ಎದುರಿನವರ ಮುಖ ನೋಡದೆ ಆಡಬಹುದು.

ಅರ್ಧ ಪಾತ್ರೆ ಆದ ಮೇಲೆ ನಾನು ಕೇಳಿಯೇಬಿಟ್ಟೆ.

"ಆ ಕೆರೆ ಕಥೆ ನನಗೆ ಯಾಕತ್ತೆ ಹೇಳ್ಲಿಲ್ಲ?"

"ಯಾವ್ದು?"

"ಗೊಗ್ಗಯ್ಯಂದು. ನಿಮ್ ತಾತ, ತಮಟೆ."

ಅತ್ತೆಯ ಕೈ ನಿಲ್ಲಲಿಲ್ಲ. ಹೆಗಲು ಮಾತ್ರ ಕುಲುಕಿತು, ನಗುತ್ತಿದ್ದರು. "ನಮ್ ತಾತ ಇಲಿ ಕಂಡ್ರೆ ಮಂಚ ಅತ್ತೋನು ಕಣವ್ವ. ಪುಟ್ಟಿ ಬಂದು ಇಸ್ಕೂಲಿಗೆ ಬರೀಬೇಕು ಅಂತ ಕೂತ್ಕತು. ಏನೋ ಒಂದು ಕಟ್ಟಿ ಕೊಟ್ಟೆ."

"ಕಟ್ಟಿದ್ದಾ?"

"ಮತ್ತೆ? ಇದ್ದುದ್ನ ಮಗೀಗೆ ಏಳಾಕಾಯ್ತದಾ?"

ಹತ್ತು ಹನ್ನೆರಡು ಬೇಳೆ ಪಾತ್ರೆಗೆ ಬಿದ್ದವು. ಅತ್ತೆ ತಾವಾಗಿಯೇ ಶುರು ಮಾಡಿದರು.

ಅವರು ಈ ಮನೆಗೆ ಎರಡನೆಯ ಸೊಸೆಯಾಗಿ ಬಂದಾಗ ಮೊದಲ ಸೊಸೆಗೆ, ಅಂದರೆ ಅವರ ಓರಗಿತ್ತಿಗೆ, ಒಂದು ಗಂಡುಮಗು. ಅತ್ತೆಗೆ ಮದುವೆಯಾಗಿ ಐದು ವರ್ಷ ಮಕ್ಕಳಾಗಲಿಲ್ಲ. ಆ ಮಗುವನ್ನು ಎಲ್ಲರೂ ಎತ್ತುವವರೇ, ಎಲ್ಲರೂ ಆಡಿಸುವವರೇ. ಇವರು ಎತ್ತಲು ಹೋದರೆ, "ಕೈ ತೊಳ್ಕೊಂಡ್ ಬಾ" ಎಂದು ಓರಗಿತ್ತಿ ಹೇಳುತ್ತಿದ್ದಳಂತೆ. "ಸಗಣಿ ಬಾಚಿರ್ತಿದ್ದೆ, ತೊಳ್ಕೋ ಅಂದ್ರೆ ತಪ್ಪಲ್ಲ. ಆದ್ರೆ ತೊಳ್ಕೊಂಡ್ ಬಂದ್ ಮ್ಯಾಕೂ ಕೊಡ್ತಿರ್ನಿಲ್ಲ," ಎಂದರು.

ಆಗ ನಡುಮನೆಯಲ್ಲಿ ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆಯಿತ್ತು. ರಾಗಿ ಇಳಿಸಿಕೊಳ್ಳುವುದಕ್ಕೆ ಅದರ ಬುಡದಲ್ಲಿ ಒಂದು ತೂತು ಇರುತ್ತದೆ, ಬಟ್ಟೆಯಿಂದ ಬಿಗಿದಿರುತ್ತಾರೆ. ಸುಗ್ಗಿಗೆ ಮುಂಚೆ ವಾಡೆ ಬರಿದಾಗಿತ್ತು. ಎಲ್ಲರೂ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಮಗು ವಾಡೆಯ ಮುಂದೆ ಒಂದೇ ಆಡುತ್ತಿತ್ತು. ಅತ್ತೆ ವಾಡೆಯ ಹಿಂದೆ ಕೂತು, ಬಟ್ಟೆ ಎಳೆದು, ತೂತಿಗೆ ಬಾಯಿಟ್ಟು ದನಿ ತೆಗೆದರಂತೆ.

"ಎಂಗೆ?" ಎಂದು ಕೇಳಿದೆ. ನನಗೂ ಅವರ ಮಾತಿನ ಗಾಳಿ ಬಡಿದಿತ್ತು.

ಅತ್ತೆ ಹಿಂದೆಮುಂದೆ ನೋಡಿ, ಪಕ್ಕದಲ್ಲಿದ್ದ ಖಾಲಿ ಸ್ಟೀಲ್ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೆ ಮುಖ ಬಗ್ಗಿಸಿ ಒಂದು ಸದ್ದು ಮಾಡಿದರು. ಗೊಗ್ಗ್. ಗಂಟಲಿನ ತಳದಿಂದ. ಎಂಬತ್ತು ದಾಟಿದ ಈ ಸಣ್ಣ ಹೆಂಗಸಿನೊಳಗೆ ಅಂಥ ದನಿ ಎಲ್ಲಿತ್ತೋ. ನನ್ನ ಕೈಯಿಂದ ಅವರೆಕಾಳು ಜಾರಿ ಒಲೆಯ ಕೆಳಗೆ ಹೋಯಿತು.

ಮಗು ಚಿಟ್ಟನೆ ಚೀರಿತಂತೆ. ಸಂಜೆಗೆ ಜ್ವರ. ಒಂಬತ್ತು ದಿನ ನಡುಮನೆಗೆ ಕಾಲಿಡಲಿಲ್ಲ, ವಾಡೆಯ ಕಡೆ ಕೈತೋರಿಸಿ "ಗೊಗ್ಗ, ಗೊಗ್ಗ" ಎಂದು ಅಳುತ್ತಿತ್ತು. ಅದು ಏನೆಂದು ಮನೆಯವರಿಗೆ ತಿಳಿಯಲಿಲ್ಲ. ಮಗುವಿನ ಬಾಯಿಂದ ಬಂದ ಮಾತಿಗೆ ದೊಡ್ಡವರು ಅಯ್ಯ ಸೇರಿಸಿದರು. ಬೇರೆ ಊರುಗಳಲ್ಲಿ, ಬೇರೆ ಮನೆಗಳಲ್ಲಿ ಆ ಮಾತು ಹೇಗೆ ಬಂತೋ ನಾನರಿಯೆ. ನಮ್ಮ ಮನೆಗೆ ಬಂದದ್ದು ಹೀಗೆ, ವಾಡೆಯ ಬುಡದ ತೂತಿನಿಂದ.

"ಜ್ವರ ಬಿಡ್ತು," ಎಂದರು ಅತ್ತೆ. "ಮಗ ಬೆಳೀತು, ಮದ್ವೆ ಆಯ್ತು, ಮೊಮ್ಮಕ್ಕಳೂ ಆದ್ವು. ಅದಲ್ಲ ಕಣವ್ವ. ಯಾರ್ದೋ ಕಣ್ಣು ಬಿದ್ದದೆ ಅಂದ್ರು. ಬೀದಿ ಕೊನೆ ಮನೇಲಿ ಒಬ್ಬಾಕೆ ಇದ್ಲು, ಮಕ್ಕಳಿರ್ನಿಲ್ಲ. ಬಂದಾಗೆಲ್ಲ ಮಗೂನ ಎತ್ಕೊಂಡು ಮುದ್ದಾಡೋಳು. ಆಕೆ ಕಣ್ಣೇ ಅಂತ ಎಲ್ರೂ ಅಂದ್ರು. ನಮ್ಮ ಬಾಗಿಲಿಗೆ ಬರ್ಬೇಡ ಅಂದ್ಬಿಟ್ರು. ನಾನು ಅಲ್ಲೇ ನಿಂತಿದ್ದೆ, ಮೊರದಾಗೆ ರಾಗಿ ಇಟ್ಕೊಂಡು. ಬಾಯಿ ಬಿಡ್ನಿಲ್ಲ."

"ಆಕೆ?"

"ಮತ್ತೆ ಬರ್ನೇ ಇಲ್ಲ. ಬಾವಿ ತಾವ ಸಿಕ್ಕಿದ್ರೆ ಕೊಡ ಇಳಿಸ್ಕೊಂಡು ನಾನ್ ಓಗೋಗಂಟ ಅಂಗೇ ನಿಂತಿರೋಳು."

ಅತ್ತೆ ಕಿಟಕಿಯ ಆಚೆ ಕೈತೋರಿಸಿದರು. ಕೈಯಲ್ಲಿ ಸಿಪ್ಪೆ ಅಂಟಿಕೊಂಡಿತ್ತು.

"ಆ ಮೊಕ ಈ ಕಡೀಕೆ ತಿರುಗ್ಸಿ ಕಟ್ಸಿದ್ದು ನಾನು."

"ನೀವಾ?"

"ಮೇಸ್ತ್ರಿಗೆ ಏಳಿ ಕಟ್ಸಿದೆ. ಆಮ್ಯಾಕೆ ಅದ್ಯಾವ ಗಾಳಿಗೋ ದಿನಾ ತಿರುಗ್ಕೋತಿತ್ತು. ಬಣ್ಣದೋರಿಗೆ ಸಂಜೆ ಕಾಫಿ ಕೊಡ್ವಾಗ ಏಳ್ತಿದ್ದೆ, ಅಪ್ಪಾ, ಸರಿ ಮಾಡ್ರಪ್ಪಾ ಅಂತ."

ಆ ಗಾಳಿ ಯಾವುದೆಂದು ನಾನು ಹೇಳಲಿಲ್ಲ. ಅತ್ತೆಗೆ ಗೊತ್ತಿಲ್ಲದೆ ಏನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. "ನನ್ ಕಣ್ಣಿಗೆ ಹೆದರಿ ಮಾಡಿದ್ರಾ ಅತ್ತೆ? ಇಷ್ಟು ವರ್ಷ ಜೊತೇಲಿದ್ದು?"

"ನಿನ್ ಕಣ್ಣಿಗ್ಯಾಕೆ ಮಂಕೆ? ನನ್ ಕಣ್ಣಿಗೆ!" ಅತ್ತೆ ಹಿದುಕುವುದನ್ನು ನಿಲ್ಲಿಸಿದರು. "ಈ ಕಿಟಕೀಲಿ ದಿನವೆಲ್ಲ ಕೂತಿರೋಳು ಯಾರು? ನೀನಾ, ನಾನಾ? ಕಂಬ ಎದ್ದಾಗಿಂದ ನೋಡ್ತಾ ಇವ್ನಿ. ನಾನು ಏಳು ಮಕ್ಕಳನ್ನ ಎತ್ತ ಕೋಣೆಗಿಂತ ಅವಳ ಬಚ್ಚಲು ದೊಡ್ಡದು. ನಲ್ಲಿ ತಿರುವಿದ್ರೆ ಬಿಸಿನೀರು. ನಾನು ಈ ಮನೇಲಿ ಮೂವತ್ತು ವರ್ಷ ಕಣ್ಣಿಗೆ ಒಗೆ ಆಕ್ಕೊಂಡು ಅಂಡೆ ಕಾಯ್ಸಿದ್ದೀನಿ. ಒಟ್ಟೆ ಉರೀತದೆ ಕಣವ್ವ. ಸೊಸೆ ಮನೆ ಅಂತ ಗೊತ್ತಿದ್ರೂ ಉರೀತದೆ. ನನ್ ಉರಿ ಒಳ್ಳೇದಲ್ಲ, ನಂಗೊತ್ತು. ನಾಳೆ ಅಲ್ಲಿ ಯಾರಿಗೋ ಏನೋ ಆದ್ರೆ, ಮತ್ತೆ ಇನ್ಯಾರನ್ನೋ ಅಂತಾರೆ. ಅದ್ಕೆ, ಗೊಗ್ಗಯ್ಯ ನನ್ನೇ ನೋಡ್ಲಿ ಅಂದೆ."

"ಆ ಮಾತು ನನ್ ಮೇಲೇ ಬಂತಲ್ಲ ಅತ್ತೆ. ಬೊಂಬೆ ಕಟ್ಟಿದ್ದು ನನ್ ಕಣ್ಣಿಗೇ ಅಂತ ಅಂದ್ಕೊಂಡಿದ್ದು ಬೇರೆ ಯಾರೂ ಅಲ್ಲ, ನಾನೇ."

ಅತ್ತೆ ಬೆರಳಿಗಂಟಿದ ಸಿಪ್ಪೆ ಬಿಡಿಸಿಕೊಂಡರು. "ಅದು ನಂಗೆ ಒಳೀಲೇ ಇಲ್ಲ ಕಣವ್ವ," ಎಂದರು. "ಆವಾಗ ಬೀದಿ ಕೊನೆಯಾಕೆಗಾಯ್ತು, ಈವಾಗ ನಿಂಗಾಯ್ತು." ಮತ್ತೆ ಕಾಳು ತೆಗೆದುಕೊಂಡರು.

ಕಥೆ ಕೊನೆಗೂ ನನಗೆ ಸಿಕ್ಕಿತ್ತು. ತಮಟೆಯ ಕಥೆ ಪುಟ್ಟಿಯದು, ಇದು ನನ್ನದು. ಆ ಖುಷಿಯಲ್ಲಿ ನನಗೆ ಧೈರ್ಯ ಬಂತು. "ಹಾಗಿದ್ರೆ ಹೋಗೋದು ಬೇಡ ಅತ್ತೆ. ಮಂಚ ಇಲ್ಲೇ ಇರ್ಲಿ. ನಾನೂ ಬಚ್ಚಲಿಗೆ ಕಂಬಿ ಹಾಕಿಸ್ತೀನಿ."

"ಊಂ ಊಂ, ಓಗ್ತೀನಿ."

"ಯಾಕೆ?"

"ಒರಗಿಂದ ನೋಡ್ತಿದ್ರೆ ತಾನೆ ಕಣ್ಣು? ಒಳಗೆ ಓಗಿ ಕೂತ್ಕಂಡ್ರೆ ಅದು ನನ್ ಮನೆ. ನನ್ ಮನೆ ಮೇಲೆ ನನ್ ಕಣ್ಣು ಯಾಕೆ ಬಿದ್ದಾತು?" ಅತ್ತೆಯ ಮುಖದಲ್ಲಿ ಸಂತೆಯಲ್ಲಿ ಒಳ್ಳೆಯ ವ್ಯಾಪಾರ ಕುದುರಿಸಿದವರ ಕಳೆಯಿತ್ತು. "ಬಿಸಿನೀರೂ ಬತ್ತದೆ."

ನನಗೆ ಅಳು ಬಂತೋ, ನಗು ಬಂತೋ. ಸೆರಗಿನಿಂದ ಕಣ್ಣೊರೆಸಿಕೊಂಡೆ, ಅವರೆಯ ಸೊಗಡು ಕಣ್ಣಿಗೆ ಹತ್ತಿ ಇನ್ನಷ್ಟು ನೀರು ಬಂತು.

"ಇದನ್ನ ನಾನು ಬರ್ಕೊಳ್ಲಾ?" ಎಂದು ಕೇಳಿದೆ. ನಾನು ಕ್ಯಾಲೆಂಡರಿನಲ್ಲಿ ಬರೆಯುವುದು ಅವರಿಗೆ ಗೊತ್ತು.

"ಬರ್ಕೊ. ನಾನೇನು ಓದೋಳಲ್ಲ. ಯಾರ ಎಸ್ರೂ ಆಕ್ಬೇಡ." ಮತ್ತೊಂದು ಕಾಳು ಹಿಡಿದು, "ನಾನ್ ಆ ಮನೆಗೆ ಓದ್ ಮೇಲೆ ಈ ಕಿಟಕೀಲಿ ಒಬ್ಳೇ ಕೂತ್ಕೊಂಡು ಅತ್ಲಾಗೆ ನೋಡ್ತಿರ್ಬೇಡ. ಅವ್ಳನ್ನೂ ಕರ್ದು ಕಾಳು ಇದುಕ್ಸು."

"ಅವಳಿಗೆ ಉಗುರು ಕೆಡುತ್ತಂತೆ."

"ಕೆಡ್ಲಿ ಬಿಡು," ಎಂದರು ಅತ್ತೆ, ಹಿಗ್ಗಿನಿಂದ.

ನಾಲ್ಕು ಗಂಟೆಗೆ ಮಂಚ ಸಾಗಿಸಿದೆವು. ನಮ್ಮ ಮನೆಯವರು ತಲೆಯ ಕಡೆ, ಮೈದುನ ಕಾಲಿನ ಕಡೆ. ನಾನು ಬಿಸಿಲಿನ ವಾಸನೆಯ ಕಂಬಳಿಯನ್ನು ಎದೆಗೊತ್ತಿಕೊಂಡು ಹಿಂದೆ ಹೋದೆ. ಅತ್ತೆ ಹೊಸ ಬಚ್ಚಲಿಗೆ ಹೋಗಿ ಎರಡು ಕಂಬಿ ಹಿಡಿದು ಕೂತು, ಎದ್ದು, ಮತ್ತೆ ಕೂತು ನೋಡಿದರು. ಬಾಗಿಲಲ್ಲಿ ನಿಂತಿದ್ದ ನಾನು ಅಭ್ಯಾಸಬಲದಿಂದ ಕೈ ಚಾಚಿದ್ದೆ. ಅವರು ಹಿಡಿಯಲಿಲ್ಲ, ಬೇಕಾಗಲಿಲ್ಲ.

ಓರಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ಆ ಬೊಂಬೆ ತೆಗೆಸಿಬಿಡ್ಲಾ? ಹೇಗೂ ನಾಳೆ ಸಾರುವೆ ಬಿಚ್ತಾರೆ. ಇಲ್ಲಾಂದ್ರೆ ಗೇಟಿಗೆ ಕಟ್ಟಿಸ್ತೀನಿ, ರಸ್ತೆ ಕಡೆಗೆ."

ನಾನು ಸ್ವಲ್ಪ ಯೋಚಿಸಿದೆ. ಅತ್ತೆಯ ಕಣ್ಣು ಇನ್ನು ಆ ಮನೆಯ ಒಳಗೆ. ಕಿಟಕಿಯ ಈ ಕಡೆ ಉಳಿದದ್ದು ಒಂದೇ ಜೊತೆ ಕಣ್ಣು. ಅದಕ್ಕೆ ಏನು ಕಾಣುತ್ತದೆ, ಏನು ಉರಿಯುತ್ತದೆ ಎಂದು ನನಗೆ ಗೊತ್ತು.

"ಕಿಟಕಿ ಮೇಲಿನ ಸಜ್ಜೆಗೆ ಒಂದು ಮೊಳೆ ಹೊಡೆಸಿ ಅಲ್ಲೇ ಕಟ್ಟಿಸು," ಎಂದೆ. "ನಮ್ಮನೆ ಕಡೆಗೇ ಇರ್ಲಿ."

"ಬೇಜಾರಿಲ್ವಾ ನಿಮಗೆ?"

"ಇಲ್ಲ ಕಣೇ. ದೋಸೆ ಹುಯ್ಯುವಾಗ ಜೊತೆಗೊಂದು ಮುಖ."

ಅವಳು ಆಗಲಿ ಎಂದಳು. "ನಾಡಿದ್ದು ಅವರೆಕಾಳು ನೆನೆಹಾಕ್ತೀನಿ, ಬಾ," ಎಂದೆ. ಬೆರಳುಗಳನ್ನು ಒಮ್ಮೆ ನೋಡಿಕೊಂಡು, "ಬರ್ತೀನಿ ಅಕ್ಕಾ" ಎಂದಳು.

ಊಟ: ರಾಗಿಮುದ್ದೆ, ಹಿದುಕಿದ ಬೇಳೆ ಸಾರು, ಸಂಕ್ರಾಂತಿಯಿಂದ ಉಳಿದ ಸಕ್ಕರೆ ಅಚ್ಚು ಒಂದು. ಸಾರಿನ ಪಾತ್ರೆಯನ್ನು ನಾನೇ ಹೊತ್ತು ಹೋಗಿ ಅಲ್ಲೇ ಬಡಿಸಿದೆ. ಅತ್ತೆ ಎರಡು ಮುದ್ದೆ ಉಂಡರು. ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಾಗಿತ್ತು, ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಮೊದಲು ಮಲಗಿದ್ದು ಅತ್ತೆ, ಕಂಬಳಿ ಹೊದ್ದ ಕೂಡಲೇ. ಈ ಮನೆಯಲ್ಲಿ ನಮ್ಮ ಮನೆಯವರು. ನಾನು ಇನ್ನೂ ಮಲಗಿಲ್ಲ.